ಇ-ಸಿಗರೇಟು, ಬೀಡಿ ಮತ್ತು ನಮ್ಮ ಶಾಸನ

ತಂಬಾಕಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ತಂಬಾಕಿನ ವಿಷಯವಾಗಿ ಹೊಸದಾಗಿ ಹೇಳುವುದೇನಿದೆಯೆಂದು ವಾಚಕರು ಕೇಳಬಹುದು. ನಿಪ್ಪಾಣಿ-ಚಿಕ್ಕೋಡಿ ಭಾಗದ ಹೊಲಗಳಲ್ಲಿ ಬೆಳೆಯುವುದು ಬೀಡಿ ತಂಬಾಕು; ಅದರ ಘಾಟು ನಮ್ಮ ಮೂಗಿಗೆ ರೂಢಿಯಾಗಿಹೋಗಿದೆ. ಆದರೆ ಎಲೆಯಿಲ್ಲದ, ಬೆಂಕಿಯಿಲ್ಲದ, ಬೂದಿಯೂ ಬೀಳದ ಒಂದು ಬಗೆಯ ಧೂಮಪಾನದ ಸಾಧನವನ್ನು ನಮ್ಮ ದೇಶದ ಶಾಸನವು ಮಾರುಕಟ್ಟೆಯಿಂದ ಪೂರ್ಣವಾಗಿ ಹೊರಗಿಟ್ಟಿದೆ. ಎಲೆ, ಬೆಂಕಿ, ಬೂದಿ ಮೂರೂ ಇರುವ ಬೀಡಿಯನ್ನಾದರೋ ಕೆಲವು ಕಟ್ಟುಪಾಡುಗಳೊಡನೆ ಮಾರಲು ಬಿಟ್ಟಿದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಭೇದವೇಕೆಂಬ ಕುತೂಹಲ ಹುಟ್ಟಿ ಕಾಯಿದೆಯನ್ನೇ ತರಿಸಿ ಓದಿದೆನು. ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ವಸ್ತುವಿನ ಪರಿಚಯ. ಇ-ಸಿಗರೇಟೆಂದರೆ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ನಳಿಕೆ. ಅದರೊಳಗಿನ ತಂತಿ ಕಾಯ್ದು ಒಂದು ದ್ರವವನ್ನು ಬಿಸಿಮಾಡುತ್ತದೆ. ಏಳುವ ಹಬೆಯನ್ನು ಸೇದುವವನು ಒಳಗೆಳೆದುಕೊಳ್ಳುತ್ತಾನೆ. ದ್ರವದಲ್ಲಿ ಸಾಮಾನ್ಯವಾಗಿ ನಿಕೋಟಿನ್, ಗ್ಲಿಸರಿನ್, ಹಣ್ಣಿನದೋ ಪುದೀನದ್ದೋ ಪರಿಮಳ ಇರುತ್ತವೆ. ಇದರ ಇಂದಿನ ರೂಪವನ್ನು 2003ರ ಸುಮಾರಿಗೆ ಚೀನಾ ದೇಶದ ಹೋನ್ ಲಿಕ್ ಎಂಬ ಔಷಧ ತಜ್ಞನು ಬಳಕೆಗೆ ತಂದನು. ಏನೂ ಉರಿಯುವುದಿಲ್ಲವಾದ್ದರಿಂದ ಸುಟ್ಟ ತಂಬಾಕಿನ ಡಾಂಬರು ಇದರಲ್ಲಿಲ್ಲ. ಆದರೆ ಚಟ ಹಿಡಿಸುವ ನಿಕೋಟಿನ್ ಇದೆ. ಸಿಗರೇಟು ಬಿಡಲು ಇದು ಮೆಟ್ಟಿಲೆಂದು ಕೆಲವರು, ಹಿಡಿಯಲು ಮೆಟ್ಟಿಲೆಂದು ಕೆಲವರು ವಾದಿಸುತ್ತಾರೆ. ಎಲ್ಲ ದೇಶಗಳ ಶಾಸನಗಳೂ ಈ ಎರಡು ವಾದಗಳ ನಡುವೆಯೇ ತೂಗಾಡಿವೆ.

ಕರ್ನಾಟಕ ಸರಕಾರವು 2016ರಲ್ಲಿಯೇ ಇದನ್ನು ನಿಷೇಧಿಸಿತ್ತು. ಆದರೆ ಒಂದು ರಾಜ್ಯದ ಆಜ್ಞೆ ಆ ರಾಜ್ಯದ ಗಡಿಯವರೆಗೆ ಮಾತ್ರ. ಕಾಗವಾಡದಿಂದ ಮಿರಜ, ನಿಪ್ಪಾಣಿಯಿಂದ ಕಾಗಲ ಎಷ್ಟು ದೂರವೆಂಬುದನ್ನು ಬಲ್ಲ ನಮಗೆ ಗಡಿಯ ಆಜ್ಞೆಯ ಬಲಹೀನತೆಯನ್ನು ವಿವರಿಸಿ ಹೇಳಬೇಕಾಗಿಲ್ಲ. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು. ನವೆಂಬರ್ 27ರಂದು ಲೋಕಸಭೆಯೂ ಡಿಸೆಂಬರ್ 2ರಂದು ರಾಜ್ಯಸಭೆಯೂ ಮಸೂದೆಯನ್ನು ಅಂಗೀಕರಿಸಿದವು. ಹೀಗೆ ಅದು 2019ರ 42ನೆಯ ಕಾಯಿದೆಯಾಯಿತು.

ಇಲ್ಲಿ ರಾಜ್ಯಶಾಸ್ತ್ರದವರು ಗಮನಿಸತಕ್ಕ ಒಂದು ಅಂಶವಿದೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯವು ರಾಜ್ಯಪಟ್ಟಿಯ ವಿಷಯ. ಹಾಗಾದರೆ ಕೇಂದ್ರ ಹೇಗೆ ಕೈಹಾಕಿತು? ಕಾಯಿದೆಯ 2ನೆಯ ಕಲಮು ಇದಕ್ಕೆ ಉತ್ತರ: ಇ-ಸಿಗರೇಟಿನ ಉದ್ಯಮವನ್ನು ಸಾರ್ವಜನಿಕ ಹಿತಕ್ಕಾಗಿ ಕೇಂದ್ರದ ಹತೋಟಿಗೆ ತೆಗೆದುಕೊಳ್ಳುವುದು ಯುಕ್ತವೆಂದು ಅದು ಘೋಷಿಸುತ್ತದೆ. ಕೇಂದ್ರಪಟ್ಟಿಯು ಇಂಥ ಘೋಷಣೆಗೆ ಅವಕಾಶ ಕೊಟ್ಟಿದೆ. ಒಂದು ಉದ್ಯಮವನ್ನು ಹತೋಟಿಗೆ ತೆಗೆದುಕೊಂಡು, ಮರುಗಳಿಗೆಯಲ್ಲಿಯೇ ಅದನ್ನು ಇಲ್ಲವಾಗಿಸುವ ಕ್ರಮ ಇದು. ಅದು ನನಗೆ ಬಹಳ ಚಮತ್ಕಾರದ್ದಾಗಿ ಕಂಡಿತು.

4ನೆಯ ಕಲಮಿನ ಪ್ರಕಾರ ಇದನ್ನು ತಯಾರಿಸಬಾರದು, ಆಮದು-ರಫ್ತು ಮಾಡಬಾರದು, ಸಾಗಿಸಬಾರದು, ಮಾರಬಾರದು, ಹಂಚಬಾರದು, ಜಾಹೀರಾತು ಕೊಡಬಾರದು. ಇಡೀ ಸಾಧನವಷ್ಟೇ ಅಲ್ಲ, ಅದರ ಬಿಡಿ ಭಾಗಕ್ಕೂ ಇದೇ ನಿಯಮ. ದ್ರವದಲ್ಲಿ ನಿಕೋಟಿನ್ ಇಲ್ಲವೆಂದು ಹೇಳಿ ಪಾರಾಗುವಂತಿಲ್ಲ; ನಿಕೋಟಿನ್ ಇರಲಿ, ಬಿಡಲಿ, ವ್ಯಾಖ್ಯೆಯೊಳಗೆ ಬರುತ್ತದೆ. ಇ-ಹುಕ್ಕಾ ಕೂಡ ಬರುತ್ತದೆ. ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ಮೇರೆಗೆ ಪರವಾನಿಗೆ ಪಡೆದ ವಸ್ತುಗಳಿಗೆ ಮಾತ್ರ ವಿನಾಯಿತಿ. ತಪ್ಪಿದವನಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ. 5ನೆಯ ಕಲಮು ದಾಸ್ತಾನಿನದು. ತನ್ನ ಸ್ಥಳದಲ್ಲಿ ಇಂಥ ದಾಸ್ತಾನು ಇಡಲು ತಿಳಿದೂ ತಿಳಿದೂ ಬಿಟ್ಟವನಿಗೆ ಆರು ತಿಂಗಳವರೆಗೆ ಸೆರೆ ಅಥವಾ 50,000 ರೂಪಾಯಿಯವರೆಗೆ ದಂಡ ಅಥವಾ ಎರಡೂ.

ಈ ಉದ್ದನೆಯ ಯಾದಿಯಲ್ಲಿ ಒಂದು ಶಬ್ದವಿಲ್ಲ. 'ಸೇದಬಾರದು' ಎಂದು ಕಾಯಿದೆ ಎಲ್ಲಿಯೂ ಹೇಳಿಲ್ಲ. ಮಾರುವವನು ಅಪರಾಧಿ, ಸೇದುವವನಿಗೆ ಸೇದಿದ ಕಾರಣಕ್ಕಾಗಿಯೇ ಶಿಕ್ಷೆ ವಿಧಿಸುವ ಕಲಮಿಲ್ಲ. ಚಟಕ್ಕೆ ಬಿದ್ದ ಹುಡುಗನನ್ನು ಸೆರೆಮನೆಗೆ ಕಳಿಸುವುದು ಶಾಸಕರ ಉದ್ದೇಶವಾಗಿರಲಿಲ್ಲವೆಂದು ಇದರಿಂದ ನಾನು ಊಹಿಸುತ್ತೇನೆ, ಮತ್ತು ಅದು ಸರಿಯೆಂದೇ ನನ್ನ ಮತ. ಸಿಂಗಾಪುರದವರಾದರೋ 2018ರಲ್ಲಿ ಕೊಳ್ಳುವುದನ್ನೂ ಸೇದುವುದನ್ನೂ ಬಳಿಯಲ್ಲಿಟ್ಟುಕೊಳ್ಳುವುದನ್ನೂ ಅಪರಾಧವೆಂದೇ ಸಾರಿದರು. ಇಂಗ್ಲೆಂಡಿನಲ್ಲಿ ಇದಕ್ಕೆ ಪೂರ್ಣ ವಿರುದ್ಧ: ಪ್ರಾಯಕ್ಕೆ ಬಂದವರಿಗೆ ಅಂಗಡಿಯಲ್ಲಿಯೇ ಸಿಗುತ್ತದೆ, ದ್ರವದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಮೀರಿ ನಿಕೋಟಿನ್ ಇರಬಾರದೆಂಬ ನಿರ್ಬಂಧ. ಒಮ್ಮೆ ಬಳಸಿ ಎಸೆಯುವ ಬಗೆಯನ್ನು ಮಾತ್ರ 2025ರ ಜೂನ್ 1ರಿಂದ ಅಲ್ಲಿಯೂ ನಿಲ್ಲಿಸಿದರು. ಆಸ್ಟ್ರೇಲಿಯದಲ್ಲಿ 2024ರ ಜುಲೈಯಿಂದ ಔಷಧದ ಅಂಗಡಿಯ ಹೊರತು ಬೇರೆಲ್ಲಿಯೂ ಮಾರುವಂತಿಲ್ಲ.

ಇನ್ನು ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 28.6ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಬೀಡಿ ಸೇದುವವರು ಶೇಕಡಾ 7.7, ಸಿಗರೇಟು ಸೇದುವವರು ಶೇಕಡಾ 4. ಇ-ಸಿಗರೇಟಿನ ಹೆಸರನ್ನು ಕೇಳಿದ್ದವರೇ ನೂರಕ್ಕೆ ಮೂರು ಮಂದಿ. ಬೇರು ಬಿಡುವ ಮುನ್ನವೇ ಕಿತ್ತುಹಾಕುವುದು ಸುಲಭವೆಂಬುದು ನಿಷೇಧದ ಪರವಾದ ಮುಖ್ಯ ವಾದ. ಸರಕಾರಿ ಸಂಸ್ಥೆಗಳೇ ದೊಡ್ಡ ಸಿಗರೇಟು ಕಂಪನಿಯಲ್ಲಿ ಪಾಲು ಹೊಂದಿರುವುದನ್ನು ಟೀಕಾಕಾರರು ಎತ್ತಿ ಆಡಿದರು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ನಮ್ಮ ಊರುಗಳಲ್ಲಿ ನಿಂತು ನೋಡಿದವರಿಗೆ ಮೂರನೆಯ ಕಾರಣವೊಂದು ಕಾಣುತ್ತದೆ.

ನನ್ನ ಸೋದರತ್ತೆ ಬೀಡಿ ಸುತ್ತುವವಳು. ಅವಳ ತಾಯಿ, ಎಂದರೆ ನನ್ನ ಅಜ್ಜಿ, ವಖಾರದಲ್ಲಿ ತಂಬಾಕು ಜರಡಿ ಹಿಡಿದು ಆಯುಷ್ಯ ಕಳೆದಳು. ಕೊನೆಕೊನೆಗೆ ಕೆಮ್ಮು ಅವಳನ್ನು ಬಿಡಲಿಲ್ಲ. ಈ ಕಾಯಿದೆಯ ಸಂಗತಿಯನ್ನು ಅತ್ತೆಗೆ ಓದಿ ಹೇಳಿದಾಗ ಅವಳು ಸುತ್ತುವ ಕೈ ನಿಲ್ಲಿಸದೆ, "ಅದನ್ನ ಇಲ್ಲಿ ಯಾರ ಮಾಡತಾರ? ಯಾರೂ ಮಾಡಂಗಿಲ್ಲ. ಅದಕ್ಕ ಬಂದ್ ಮಾಡ್ಯಾರ" ಎಂದಳು. ಗ್ರಂಥಾಲಯದಲ್ಲಿ ಇಷ್ಟು ಸರಳ ಉತ್ತರ ನನಗೆ ಸಿಕ್ಕಿರಲಿಲ್ಲ.

ತಂಬಾಕನ್ನೇ ನಂಬಿದ ಜನರ ಬಲವನ್ನು ನಿಪ್ಪಾಣಿ ಹಿಂದೆಯೇ ತೋರಿಸಿಕೊಟ್ಟಿದೆ. 1981ರಲ್ಲಿ ಯೋಗ್ಯ ಬೆಲೆಗಾಗಿ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಬಿಡಾರ ಹೂಡಿದರು. ಏಪ್ರಿಲ್ 6ರ ಗೋಳೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ಅದೇ ಕಾಲಕ್ಕೆ ವಖಾರಗಳ ಹೆಣ್ಣಾಳುಗಳೂ ಸಂಘ ಕಟ್ಟಿದರು. ಅವರ ಹೋರಾಟವನ್ನು ಕುರಿತು 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ತಯಾರಾಯಿತು.

ಇಂಥ ಬೆಳೆಯನ್ನು ಒಂದು ಸುಗ್ರೀವಾಜ್ಞೆಯಿಂದ ನಿಲ್ಲಿಸಲಾಗದು. ಆದುದರಿಂದ ಶಾಸನವು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ. 2003ರ ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನೂ, 18 ತುಂಬದವರಿಗೆ ಮಾರಾಟವನ್ನೂ, ವಿದ್ಯಾಸಂಸ್ಥೆಗಳಿಂದ 100 ಗಜದೊಳಗಿನ ಮಾರಾಟವನ್ನೂ ತಡೆಯಿತು. ಪೊಟ್ಟಣದ ಶೇಕಡಾ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಬೇಕೆಂಬ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಿತು. 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ನಮ್ಮ ರಾಜ್ಯದಲ್ಲಿ ಕೊಳ್ಳುವವನ ವಯಸ್ಸನ್ನು 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದವನ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಹುಕ್ಕಾ ಬಾರುಗಳನ್ನು ಮುಚ್ಚಿಸಿತು. ಅಂದರೆ ನಮ್ಮ ವರ್ಗದ ಬಹುಮಂದಿ ಮತ ಹಾಕಬಹುದು, ಸಿಗರೇಟು ಕೊಳ್ಳುವಂತಿಲ್ಲ. ಇದಕ್ಕೆ ನನ್ನ ಆಕ್ಷೇಪವಿಲ್ಲ.

ತೆರಿಗೆಯಲ್ಲಿಯೂ ಇದೇ ಧೋರಣೆ. 2025ರ ಸೆಪ್ಟೆಂಬರಿನಲ್ಲಿ ಸರಕು ಮತ್ತು ಸೇವಾ ತೆರಿಗೆ ಮಂಡಲಿಯು ಸಿಗರೇಟಿಗೆ ಶೇಕಡಾ 40, ಬೀಡಿಗೆ ಶೇಕಡಾ 18 ಎಂದು ತೀರ್ಮಾನಿಸಿತು. ಸುತ್ತುವವರ ಮೇಲಿನ ಕನಿಕರದಿಂದ ಸೇದುವವರಿಗೆ ಬೀಡಿ ಅಗ್ಗವಾಗಿಯೇ ಉಳಿಯುತ್ತದೆ. ಆ ಸೇದುವವರೂ ಬಡವರೇ. ಕನಿಕರ ತೋರಿಸಬೇಕಾದದ್ದು ಬೀಡಿಗಲ್ಲ, ಸುತ್ತುವ ಕೈಗಳಿಗೆ. ಬೇರೆ ಉದ್ಯೋಗ, ಅದನ್ನು ಕಲಿಯುವ ತನಕ ಕೂಲಿ, ಇವನ್ನು ಕೊಡುವ ಕಲಮು ನಾನು ಓದಿದ ಎರಡು ಕಾಯಿದೆಗಳಲ್ಲಿಯೂ ಇಲ್ಲ. ಅತ್ತೆಯ ಮಗಳು ಈಗ ಹತ್ತನೆಯ ಇಯತ್ತೆಯಲ್ಲಿದ್ದಾಳೆ. ರಜೆಯ ದಿನಗಳಲ್ಲಿ ತಾಯಿಯ ಬುಟ್ಟಿಗೆ ಎಲೆ ಕತ್ತರಿಸಿಕೊಡುತ್ತಾಳೆ.