ಕಬ್ಬಿಣದ ಹೆಸರಿನಲ್ಲಿ ತಾಮ್ರ

ಉದಗೀರದ ತಂಗೀ,

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದೀ, ಪೆಲ್ಲೇಡಿಯಂ ಬದಲು ಕಬ್ಬಿಣವನ್ನು ವೇಗವರ್ಧಕವಾಗಿ ಬಳಸುವ ವಿಷಯ ಹಿಡಿದಿದ್ದೀ ಎಂದು ತಿಳಿಯಿತು. ಒಳ್ಳೆಯ ವಿಷಯವೇ. ಕಬ್ಬಿಣ ಹೇರಳ: ನಿಮ್ಮ ಕಡೆಯ ಉಮರ್ಗಾ, ನಿಲಂಗಾ, ಉದಗೀರದ ಕರಿಕಲ್ಲೆಲ್ಲ ದಖನ್ನಿನ ಬಸಾಲ್ಟು. ಅದರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಬ್ಬಿಣದ ಆಕ್ಸೈಡು. ಪೆಲ್ಲೇಡಿಯಮ್ಮೋ, ಭೂಮಿಯ ಹೊರಪದರದಲ್ಲಿ ಟನ್ನಿಗೆ ಸುಮಾರು 0.015 ಗ್ರಾಂ. 2010ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಪೆಲ್ಲೇಡಿಯಂನಿಂದ ಇಂಗಾಲಕ್ಕೆ ಇಂಗಾಲ ಬೆಸೆಯುವ ಜೋಡಣೆಗೇ ಆದರೂ, ಕಬ್ಬಿಣದಿಂದ ಕೋಚಿ ಎಂಬ ವಿಜ್ಞಾನಿ 1971ರಲ್ಲೇ, ನಿಕ್ಕಲ್‌ನಿಂದ ಕುಮಾಡಾ ಎಂಬವರು 1972ರಲ್ಲೇ ಇಂಥ ಜೋಡಣೆ ಮಾಡಿ ತೋರಿಸಿದ್ದರು. ಅದಕ್ಕೂ ಮುಂಚೆ ನಮ್ಮ ಮನೆಗಳಿಗೆ ಡಾಲ್ಡಾ ಬಂದದ್ದು ಎಣ್ಣೆಯನ್ನು ಗಟ್ಟಿಯಾಗಿಸುವ ನಿಕ್ಕಲ್ ದಯೆಯಿಂದ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಜರ್ಮನಿಯ ವಿಜ್ಞಾನಿ ಕಾರ್ಸ್ಟನ್ ಬೋಲ್ಮ್ ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡಿನಿಂದ ಇಂಗಾಲಕ್ಕೆ ಸಾರಜನಕದ ಬಂಧ ಕಟ್ಟಬಹುದೆಂದು ಪ್ರಕಟಿಸಿದ್ದರು. ಬೇರೆ ಬೇರೆ ಕಡೆಯ ಕ್ಲೋರೈಡು ಬಳಸಿದರೆ ಇಳುವರಿಯೂ ಬೇರೆ ಬೇರೆ! ಹೆಚ್ಚು ಶುದ್ಧವಾದುದರಲ್ಲಿ ಇಳುವರಿ ಕುಸಿಯಿತು. ಅದಕ್ಕೆ ಹತ್ತು ಲಕ್ಷಕ್ಕೆ ಕೆಲವೇ ಭಾಗ ತಾಮ್ರ ಬೆರೆಸಿದರೆ ಮತ್ತೆ ಏರಿತು. ದುಡಿದದ್ದು ಅಲ್ಲಿ ಕಲಬೆರಕೆಯಾಗಿದ್ದ ತಾಮ್ರ. 2009ರಲ್ಲಿ ಅದನ್ನು ಬರೆದು ಪ್ರಕಟಿಸಿದವರಲ್ಲಿ ಅಮೆರಿಕದ ವಿಜ್ಞಾನಿ ಬುಕ್‌ವಾಲ್ಡ್ ಜೊತೆ ಬೋಲ್ಮ್ ಕೂಡ ಒಬ್ಬರು. ತನ್ನ ಶೋಧವನ್ನು ತಾನೇ ತಿದ್ದಿದ ಆ ಲೇಖನವನ್ನು ಮೊದಲು ಓದು. ಪಠ್ಯಪುಸ್ತಕಕ್ಕಿಂತ ಅದೇ ಹೆಚ್ಚು ಕಲಿಸುತ್ತದೆ.

ಹಾಗಾಗಿ ಎರಡು ಶುದ್ಧತೆಯ ಲವಣ ತರಿಸು. ಲೋಹವನ್ನೇ ಹಾಕದ ಬ್ಲ್ಯಾಂಕ್ ಪ್ರಯೋಗ ಮಾಡು. ದ್ರಾವಣ ಕಲಕಲು ಹಳೆಯ ಮ್ಯಾಗ್ನೆಟಿಕ್ ಬಾರ್ ಬಳಸಬೇಡ. ಹಿಂದಿನವರ ಪೆಲ್ಲೇಡಿಯಂ ಅದರ ಮೈಗೆ ಅಂಟಿಕೊಂಡಿರಬಹುದು. ಲೋಹದ ಜಾಡು ಹಿಡಿಯುವ ಐಸಿಪಿ-ಎಂಎಸ್ ಯಂತ್ರ ಕಾಲೇಜಿನಲ್ಲಿ ಇಲ್ಲದಿದ್ದರೆ ಮಾದರಿಯನ್ನು ಹೊರಗೆ ಕಳಿಸು. ಖರ್ಚು ಬರುತ್ತದೆ, ಬರಲಿ.

ಲೋಹ ಅಗ್ಗವೆಂದು ಹಿಗ್ಗುವ ಮುಂಚೆ ಲೋಹಕ್ಕೆ ಜೊತೆಗೂಡುವ ಲಿಗಂಡಿನ ಬೆಲೆಯನ್ನೂ ಕೂಡಿಸಿ ನೋಡು. ಪೆಲ್ಲೇಡಿಯಂ ಚಿಟಿಕೆ ಸಾಕಾಗುವಲ್ಲಿ ಕಬ್ಬಿಣ ಹತ್ತು ಪಟ್ಟು ಹಾಕಬೇಕಾದೀತು. ಹೇರಳವೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ: ನಿಕ್ಕಲ್ ಲವಣದ ಧೂಳು ಕ್ಯಾನ್ಸರ್ ತರುವಂಥದ್ದು. ಕಬ್ಬಿಣದ ನಿಜವಾದ ಲಾಭ ಇರುವುದು ಔಷಧಿಯಲ್ಲಿ; ವೇಗವರ್ಧಕದ ಲೋಹ ಅದರಲ್ಲಿ ಒಂದಿಷ್ಟು ಉಳಿದುಬಿಡಬಹುದು. ನುಂಗುವ ಮಾತ್ರೆಯಿಂದ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಪೆಲ್ಲೇಡಿಯಂ ದೇಹ ಸೇರಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕಬ್ಬಿಣಕ್ಕೆ ಅದು ಮಿತಿಯನ್ನೇ ಇಟ್ಟಿಲ್ಲ. ಬೀದರಿನ ಔಷಧ ಕಾರ್ಖಾನೆಗಳಲ್ಲಿ ನಾಳೆ ಕೆಲಸ ಸಿಕ್ಕರೆ ಈ ಲೆಕ್ಕ ನಿನಗೆ ಬೇಕಾಗುತ್ತದೆ.

ಗೈಡ್ ಎಷ್ಟೇ ಅವಸರ ಮಾಡಿದರೂ ಬ್ಲ್ಯಾಂಕ್ ಪ್ರಯೋಗದ ಇಳುವರಿ ಕೈಗೆ ಬರುವ ತನಕ ಪ್ರಬಂಧದ ಶೀರ್ಷಿಕೆಯಲ್ಲಿ ಕಬ್ಬಿಣದ ಹೆಸರು ಬರೆಯಬೇಡ, ತಂಗೀ.