ಬೆಣೆ ಬೇಡದ ಕೊಡಲಿ

ಅಪ್ಪೀ, ನಿನ್ನೆ ಸಂಜೆ ಕೊಟ್ಟಿಗೆಯ ಹಿಂದೆ ಬಕೆಟ್ಟಿನಲ್ಲಿ ನೀನು ಕೊಡಲಿಯನ್ನು ತಲೆಕೆಳಗಾಗಿ ಮುಳುಗಿಸಿಟ್ಟಿದ್ದು ನೋಡಿದೆ. ಸಡಿಲಾದ ಕಾವು ನೀರು ಕುಡಿದರೆ ಉಬ್ಬಿ ಬಿಗಿಯಾಗುತ್ತದೆ ಅಂತ ಯಾರೋ ಹೇಳಿರಬೇಕು. ಉಬ್ಬುತ್ತದೆ, ಸುಳ್ಳಲ್ಲ. ಆದರೆ ಸುತ್ತ ಕಬ್ಬಿಣ ಇರುವಾಗ ಉಬ್ಬಿದ ಮರ ಎಲ್ಲಿಗೆ ಹೋಗಬೇಕು? ತನ್ನ ನಾರನ್ನು ತಾನೇ ಜಜ್ಜಿಕೊಳ್ಳುತ್ತದೆ. ನಾಳೆ ಒಣಗಿದಾಗ ಮೊದಲಿಗಿಂತ ಸಣ್ಣದಾಗಿರುತ್ತದೆ. ನಾಡಿದ್ದು ಮತ್ತೆ ಬಕೆಟ್ಟು.

ಬೆಂಗಳೂರು ಬಿಟ್ಟು ತೋಟಕ್ಕೆ ಬಂದು ನಿಂತಿದ್ದೀಯ, ಸಂತೋಷ. ಅದಕ್ಕೇ ಈ ಒಂದು ಮಾತು ಹೇಳಿಬಿಡುತ್ತೇನೆ.

ನೀನು ಪೇಟೆಯಿಂದ ತಂದದ್ದು ಬೆಣೆ ಹೊಡೆಯುವ ಜಾತಿ. ಕಾವನ್ನು ಕೆಳಗಿನಿಂದ ತೂತಿಗೆ ತೂರಿಸಿ, ಮೇಲೆ ಸೀಳಿದ ಜಾಗಕ್ಕೆ ಬೆಣೆ ಬಡಿದು ಅಗಲಿಸುತ್ತಾರೆ. ಬೆಣೆ ಇದ್ದಷ್ಟು ದಿನ ತಲೆ ಇರುತ್ತದೆ. ಅದರ ಮೇಲೆ ನನಗೆ ಹಳೇ ಸಿಟ್ಟಿದೆ. ಒಂದು ಬೇಸಿಗೆ, ಮರ ಚೆನ್ನಾಗಿ ಒಣಗಿ ಕುಗ್ಗಿದ್ದ ಕಾಲ, ನಾನು ಎತ್ತಿದ ಕೊಡಲಿಯ ತಲೆ ಕೈಯಿಂದ ಬಿಟ್ಟ ಹಕ್ಕಿಯ ಹಾಗೆ ಹಾರಿತು. ನಿನ್ನ ಅಪ್ಪ ಹತ್ತು ಹೆಜ್ಜೆ ಆಚೆ ಸೌದೆ ಒಟ್ಟುತ್ತಿದ್ದ. ಅವನ ಪಕ್ಕದ ದರಕಿನ ರಾಶಿಯಲ್ಲಿ ಅದು ಹೂತುಹೋಯಿತು. ಅವನು ಬೈಯಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಗಿತ್ತು.

ನಿನ್ನ ಅಜ್ಜನ ಕೊಡಲಿ ಬೇರೆ ತರಹದ್ದು. ಅದರ ತೂತಿನೊಳಗೆ ಬೆರಳು ಹಾಕಿ ನೋಡು: ಮೇಲಿನ ಕಡೆ ಅಗಲ, ಕೈಯ ಕಡೆ ಕಿರಿದು. ಕಾವನ್ನು ಮೇಲಿನಿಂದ ಇಳಿಸಬೇಕು. ಸಪೂರ ತುದಿ ತೂತಿನೊಳಗೆ ಹಾದು ಕೆಳಗೆ ಬರುತ್ತದೆ, ದಪ್ಪ ಬುಡ ತೂತಿಗೆ ಸಿಕ್ಕಿ ನಿಲ್ಲುತ್ತದೆ. ಬೀಸಿದಾಗ ತಲೆ ಹೊರಗೆ ಹಾರಲು ನೋಡುತ್ತದಲ್ಲ, ಆ ಎಳೆತವೇ ಅದನ್ನು ದಪ್ಪದ ಕಡೆಗೆ ತಳ್ಳಿ ಇನ್ನಷ್ಟು ಬಿಗಿ ಮಾಡುತ್ತದೆ. ಬೆಣೆ ಇಲ್ಲ, ಮೊಳೆ ಇಲ್ಲ. ಪಿಕಾಸಿಯೂ ಇದೇ ಲೆಕ್ಕ. ಅಮೆರಿಕದ ಮೂಲನಿವಾಸಿಗಳ ಟೊಮಾಹಾಕ್ ಕೊಡಲಿ ಕೂಡ ಇದೇ ಲೆಕ್ಕ. ಬೇರೆ ಬೇರೆ ಕಡೆಯ ಕಮ್ಮಾರರಿಗೆ ಇದು ಹೊಳೆದಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಸಿದ ಕಬ್ಬಿಣಕ್ಕೆ ತೂತು ಬಿಡಿಸುವ ಸಲಾಕೆಯೇ ಮೊನೆಯ ಕಡೆ ಸಪೂರ ಇರುತ್ತದೆ. ಅದು ಬಿಟ್ಟ ತೂತೂ ಹಾಗೇ ಆಗುತ್ತದೆ.

ಈ ಓರೆಯ ಉಪಾಯ ಕಲ್ಲಿನ ಕೊಡಲಿಗೂ ಒಪ್ಪುತ್ತದೆ. ಬಳ್ಳಾರಿಯ ಹತ್ತಿರ ಸಂಗನಕಲ್ಲು ಗುಡ್ಡದಲ್ಲಿ 3,000 ವರ್ಷಗಳಿಗೂ ಹಿಂದೆ ಡೋಲರೈಟ್ ಅನ್ನುವ ಕಪ್ಪು ಕಲ್ಲಿನಲ್ಲಿ ರಾಶಿರಾಶಿ ಕೊಡಲಿ ಮಾಡುತ್ತಿದ್ದರು. ನಮ್ಮ ಕಡೆಯ ಆ ಕಾಲದ ಕಲ್ಲುಕೊಡಲಿಗಳ ಹಿಂಬದಿ ಮೊನಚು. ಅಂಥ ಮೊನೆಯನ್ನು ಮರದ ತೂತಿಗೆ ತೂರಿಸಿದರೆ ಪ್ರತಿ ಏಟಿಗೂ ಕಲ್ಲು ಮರದೊಳಗೆ ಇನ್ನಷ್ಟು ಹೊಗುತ್ತದೆ. ಅಜ್ಜನ ಕಬ್ಬಿಣದ ಕೊಡಲಿಯಲ್ಲಿ ಆಟ ತಿರುಗಿದೆ. ಮರದಲ್ಲಿದ್ದ ತೂತು ಲೋಹಕ್ಕೆ ಹೋಯಿತು, ಓರೆ ಮರಕ್ಕೆ ಬಂತು. (ಪರಶುರಾಮ ಕಡಲಿಗೆ ಎಸೆದದ್ದು ಯಾವ ಜಾತಿಯದೋ ಗೊತ್ತಿಲ್ಲ. ಬೆಣೆಯದ್ದಾಗಿದ್ದರೆ ಕಾವು ಕೈಯಲ್ಲೇ ಉಳಿದು ತಲೆ ಮಾತ್ರ ಹೋಗಿರಬೇಕು.)

ಈಗ ಕಾವಿಗೆ ಬರೋಣ. ಮರ ಬೆಳೆಯುವುದೇ ಬುಡ ದಪ್ಪ, ತುದಿ ಸಪೂರವಾಗಿ. ಈ ಕೊಡಲಿಗೆ ಬೇಕಾದದ್ದೂ ಅದೇ. ಹಾಗಾಗಿ ಗಿಡವನ್ನು ನೆಲಮಟ್ಟಕ್ಕೆ ಕಡಿ. ಬೇರು ಹರಡಲು ಶುರುವಾಗುವಲ್ಲಿ ಅದು ತಾನಾಗಿ ಉಬ್ಬಿರುತ್ತದೆ, ಕೊಡಲಿಯ ತಲೆ ಕೂರುವುದು ಅಲ್ಲೇ. ಒಂದಡಿ ಮೇಲೆ ಕಡಿದೆಯೋ, ಒಳ್ಳೆಯ ಭಾಗವನ್ನು ಕಾಡಿಗೇ ಬಿಟ್ಟು ಬಂದ ಹಾಗೆ.

ಮರ ಯಾವುದು? ನನ್ನ ಮೊದಲ ಆಯ್ಕೆ ತಡಸಲು. ಬಳುಕುತ್ತದೆ, ಮುರಿಯುವುದಿಲ್ಲ, ಏಟಿನ ಜುಮ್ಮು ಕೈಗೆ ಬಿಡುವುದಿಲ್ಲ. ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ, ಆ ಚಿಗುರಿನ ಕೋಲೇ ಕಾವಿಗೆ ನೇರ. ದಿಂಡಿಗವೂ ಗಟ್ಟಿ, ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಮರ ಅದು. ಆದರೆ ಭಾರ, ಸಂಜೆಯ ಹೊತ್ತಿಗೆ ಹೆಗಲು ಹೇಳುತ್ತದೆ. ಬಯಲುಸೀಮೆಯವರಿಗೆ ಜಾಲಿ ಇದೆ. ಒಳಗೆ ಟೊಳ್ಳಿಲ್ಲದ ಗಂಡುಬಿದಿರಿನ ಬುಡವೂ ಆಗುತ್ತದೆ, ಅದು ಹಗುರ. ತೇಗ ಬಾಗಿಲಿಗೆ ಚೆಂದ, ಕಾವಿಗೆ ಬೇಡ, ಪಟ್ಟನೆ ಮುರಿಯುತ್ತದೆ. ಅಡಿಕೆ ದಬ್ಬೆಯ ಯೋಚನೆ ನಿನಗೆ ಬಂದೇ ಬರುತ್ತದೆ, ತೋಟದಲ್ಲಿ ಅಷ್ಟು ಬಿದ್ದಿದೆ. ನನಗೂ ಬಂದಿತ್ತು. ಅಂಗೈಯಿಂದ ಸಿಬಿರು ತೆಗೆಯಲು ನಿನ್ನ ದೊಡ್ಡಮ್ಮನಿಗೆ ಅರ್ಧ ಗಂಟೆ ಹಿಡಿಯಿತು.

ಹುಡುಕುವುದು ನಮ್ಮ ಬೇಲಿಯ ಒಳಗೆ ಮಾತ್ರ. ರಿಸರ್ವ್ ಕಾಡಿನಲ್ಲಿ ಕೊಂಬೆ ಸವರಿದರೂ 1963ರ ಅರಣ್ಯ ಕಾಯ್ದೆಯಡಿ ಅಪರಾಧವೇ. ಗಾರ್ಡ್ ನನ್ನ ಪರಿಚಯದವನು ಅನ್ನುವ ಧೈರ್ಯವೂ ಬೇಡ.

ಗಂಟು ಕಡಿಮೆ ಇರುವ ಕೋಲು ಹುಡುಕು. ತೊಗಟೆ ಸುಲಿದಾಗ ನಾರು ಬುಡದಿಂದ ತುದಿವರೆಗೆ ನೇರ ಓಡಬೇಕು. ಹಗ್ಗದ ಹಾಗೆ ಹೊಸೆದುಕೊಂಡಿದ್ದರೆ ಸೌದೆಗೆ ಹಾಕು. ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಇಟ್ಟುಕೋ, ಎರಡೂ ತುದಿಗೆ ಸೆಗಣಿ ಮೆತ್ತು. ಹಸಿ ಮರದ ನೀರು ತುದಿಯಿಂದಲೇ ಬೇಗ ಓಡುತ್ತದೆ, ಸೀಳು ಬಿಡುವುದೂ ಅಲ್ಲೇ. ಆಮೇಲೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಂದು ಮಳೆಗಾಲ ಮರೆತುಬಿಡು. ಹೊಗೆ ತಿಂದ ಮರಕ್ಕೆ ಹುಳ ಬೀಳುವುದು ಕಡಿಮೆ.

ಕೂರಿಸುವ ಕೆಲಸಕ್ಕೆ ತಾಳ್ಮೆ ಬೇಕು. ಬಚ್ಚಲ ಹಂಡೆಯ ತಳದ ಮಸಿಯನ್ನು ತೂತಿನೊಳಗೆ ಬಳಿ. ತಲೆಯನ್ನು ಸಪೂರ ತುದಿಯಿಂದ ಏರಿಸಿ ಬುಡದವರೆಗೆ ತಂದು, ಮತ್ತೆ ಇಳಿಸು. ಕಾವಿನ ಮೇಲೆ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ಮಾತ್ರ ಕತ್ತಿಯಿಂದ ತೆಳ್ಳಗೆ ಹೆರೆ. ಮತ್ತೆ ಏರಿಸು, ಮತ್ತೆ ಇಳಿಸು. ಹತ್ತು ಸಲವಾದರೂ ಆದೀತು, ಹದಿನೈದೂ ಆದೀತು. ಮಸಿ ಸುತ್ತಲೂ ಒಂದೇ ಸಮ ಹತ್ತಿದರೆ ಕೂತಿತು ಅಂತ. ಎರಡೇ ಕಡೆ ಹತ್ತಿದ್ದರೆ, ಎಷ್ಟೇ ಬಿಗಿ ಅನ್ನಿಸಲಿ, ಅದು ಬಿಗಿಯಲ್ಲ. ಗೋಣಿ ಚೂರು ತುರುಕಿ ಮುಗಿಸುವ ಆಸೆ ಬರುತ್ತದೆ, ಆಗ ಕತ್ತಿ ಇಟ್ಟು ಹೋಗಿ ಚಾ ಕುಡಿದು ಬಾ. ತಲೆಯ ಮೇಲೆ ಕಾವು ಒಂದು ಇಂಚಾದರೂ ಚಾಚಿರಲಿ. ಮುಂದೆ ಮರ ಕುಗ್ಗಿದಾಗ ತಲೆ ಮೇಲೇರಲು ಜಾಗ ಬೇಕು. ಉಳಿದದ್ದನ್ನು ಗಾಜಿನ ಚೂರಿನಿಂದ ಹೆರೆದು ನಯ ಮಾಡಿ, ಹೊಂಗೆ ಎಣ್ಣೆ ತಿಕ್ಕು.

ಬಿಗಿ ಮಾಡಬೇಕಾದರೆ ಕೊಡಲಿಯನ್ನು ತಲೆಕೆಳಗಾಗಿ ಹಿಡಿದು, ಚಾಚಿದ ಬುಡವನ್ನು ಕೊರಡಿನ ಮೇಲೆ ಕುಟ್ಟು. ಬಿಚ್ಚಬೇಕಾದರೆ ತಲೆ ಮೇಲಾಗಿ ಹಿಡಿದು, ಹಿಡಿಯ ತುದಿಯನ್ನು ನೆಲಕ್ಕೆ ಕುಟ್ಟು. ಇಲ್ಲೇ ಒಂದು ಎಚ್ಚರ: ನಡೆಯುವಾಗ ಊರುಗೋಲಿನ ಹಾಗೆ ಕೊಡಲಿ ಕುಟ್ಟಿಕೊಂಡು ಹೋಗುವ ಚಟ ನಿನಗಿದೆ. ಈ ಜಾತಿಯ ಕೊಡಲಿಗೆ ಅದು ಆಗದು, ತಲೆ ಸಡಿಲಾಗಿ ಜಾರಿ ಸೀದಾ ನಿನ್ನ ಬೆರಳ ಮೇಲೆ ಬರುತ್ತದೆ. ಇನ್ನೊಂದು ಕೊರತೆಯನ್ನೂ ಮುಚ್ಚಿಡುವುದಿಲ್ಲ. ಕಾವು ಪೂರ್ತಿ ತೂತಿನೊಳಗೆ ಹಾಯಬೇಕಾದ್ದರಿಂದ ಹಿಡಿಯ ತುದಿಗೆ ಗುಬುಟು ಬಿಡುವ ಹಾಗಿಲ್ಲ. ಬೆವರಿದ ಕೈಯಲ್ಲಿ ಜಾರುತ್ತದೆ. ಕೈ ಒರೆಸಿಕೊಳ್ಳಬೇಕು, ಅಷ್ಟೇ.

ಕಾಡಂಚಿನಲ್ಲಿ ಕೆಲಸ ಮಾಡುವಾಗ ಕಾವು ಮುರಿಯಿತು ಅಂದುಕೋ. ಬೆಣೆಯದ್ದಾದರೆ ಅವತ್ತಿನ ಕೆಲಸ ಮುಗಿಯಿತು. ಇದರಲ್ಲಿ ಮುರಿದ ತುಂಡನ್ನು ಕೆಳಗಿನಿಂದ ಬಡಿದರೆ ಮೇಲಕ್ಕೆ ಬಂದುಬಿಡುತ್ತದೆ. ಸೊಂಟದ ಕತ್ತಿಯಿಂದ ಒಂದು ಹಸಿ ಕೋಲು ಕೆತ್ತಿ ತೂರಿಸಿದರೆ ಸಂಜೆವರೆಗೆ ಸಾಕು. ಒಣಗುತ್ತ ಸಡಿಲಾದರೆ ಬುಡವನ್ನು ಮತ್ತೆ ಕುಟ್ಟು, ತಲೆ ಒಂದು ನೂಲು ಮೇಲೇರಿ ಕಚ್ಚಿಕೊಳ್ಳುತ್ತದೆ. ತುಂಡು ಹೊರಗೆ ಬರಲಿಲ್ಲ ಅಂತ ಬೆಂಕಿಗೆ ಮಾತ್ರ ಹಾಕಬೇಡ. ನಾನು ಹಾಕಿದ್ದೆ. ಕಮ್ಮಾರ ಲಾರಿಯ ಕಮಾನು ಪಟ್ಟಿಯಿಂದ ಮಾಡಿ ಹದ ಹಾಕಿದ್ದ ತಲೆ. ಮರುದಿನ ಹಲಸಿನ ಗಂಟಿಗೆ ಹೊಡೆದಾಗ ಬಾಯಿ ತಗಡಿನ ಹಾಗೆ ಮಡಚಿಕೊಂಡಿತು. ಕಮ್ಮಾರ ಅದನ್ನು ತಿರುವಿ ತಿರುವಿ ನೋಡಿ, "ಭಟ್ರೇ, ಅನ್ನ ಬೇಯಿಸಿದ್ರಾ ಇದರಲ್ಲಿ?" ಅಂದಿದ್ದ.

ಅಟ್ಟದ ಮೇಲೆ ಬಲಮೂಲೆಯಲ್ಲಿ ಎರಡು ತಡಸಲು ಕೋಲು ಇವೆ. ಮೂರು ಮಳೆಗಾಲದ ಹೊಗೆ ತಿಂದಿವೆ. ಉದ್ದದ್ದು ನಿನಗೆ. ಅಜ್ಜನ ಕೊಡಲಿಯ ತಲೆ ಅದೇ ಮೂಲೆಯ ಗೋಡೆಯ ಮೊಳೆಗೆ ನೇತುಬಿದ್ದಿದೆ, ತುಕ್ಕು ಮೇಲ್ಮೇಲೆ ಮಾತ್ರ. ಭಾನುವಾರ ಬೆಳಿಗ್ಗೆ ಬಾ, ಹಂಡೆಯ ಮಸಿ ನಾನು ಕೆರೆದಿಡುತ್ತೇನೆ. ಬರುವಾಗ ಆ ಬಕೆಟ್ಟು ತಗೊಂಡು ಬಾ, ದೊಡ್ಡಮ್ಮ ನಿನ್ನೆಯಿಂದ ಹುಡುಕುತ್ತಿದ್ದಾಳೆ.