ಚಿಕಿತ್ಸೆಯ ನಂತರದ ದಿನಗಳು: ದೂರವಾಣಿ ಬೆಂಬಲ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ದೂರವಾಣಿಯ ಮೂಲಕ ದೊರೆಯುವ ನೆರವನ್ನು ಅರಿಯುವುದು ಹಾಗೂ ಅದರಲ್ಲಿ ನಮ್ಮ ಪಾತ್ರವನ್ನು ಗುರುತಿಸುವುದು ಈ ಪಾಠದ ಉದ್ದೇಶ.

1. ಸಮಸ್ಯೆಯ ಸ್ವರೂಪ

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯ ಯುವಕನೊಬ್ಬ ಚಿಕಿತ್ಸೆ ಪಡೆದು ಮನೆಗೆ ಮರಳಿದ್ದಾನೆ ಎಂದು ಭಾವಿಸೋಣ. ನಿದ್ರೆ ಬರುತ್ತಿದೆ, ಭಯ ತಗ್ಗಿದೆ. ಆದರೆ ಅರಳಿಕಟ್ಟೆಯಲ್ಲಿ ಅವನನ್ನು ಯಾರೂ ಮಾತನಾಡಿಸುವುದಿಲ್ಲ, ಕೂಲಿಗೂ ಕರೆಯುವುದಿಲ್ಲ. ‘ಗುಣವಾಯಿತಲ್ಲ’ ಎಂದು ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. ಔಷಧವು ತನ್ನ ಕೆಲಸ ಮಾಡಿತ್ತು. ಅನಂತರ ಜೊತೆಗಿರುವವರು ದೊರೆಯಲಿಲ್ಲ.

2. ಟೆಲಿ-ಮನಸ್: 14416

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಈ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರಮಟ್ಟದ ಮಾರ್ಗದರ್ಶಕ ಸಂಸ್ಥೆ. 14416 ಅಥವಾ 1800-891-4416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಆಲಿಸುತ್ತಾರೆ. ಅಗತ್ಯವಿದ್ದಲ್ಲಿ ತಜ್ಞರಿಗೆ ವರ್ಗಾಯಿಸುತ್ತಾರೆ. ರೋಗಿಯ ಮನೆಯವರೂ ಕರೆ ಮಾಡಬಹುದು.

3. ಸಮಾನಾನುಭವಿಗಳ ಬೆಂಬಲ

ಇದು ಬೇರೆ ಬಗೆಯ ನೆರವು. ಇಲ್ಲಿ ಕರೆ ಸ್ವೀಕರಿಸುವವರು ಸ್ವತಃ ಕಾಯಿಲೆಯನ್ನು ಅನುಭವಿಸಿ ಚೇತರಿಸಿಕೊಂಡವರು. ಅವರು ರೋಗವನ್ನು ನಿರ್ಣಯಿಸುವುದಿಲ್ಲ, ಮಾತ್ರೆಯನ್ನು ಬದಲಿಸಲು ಹೇಳುವುದಿಲ್ಲ. ‘ನನಗೂ ಹೀಗಾಗಿತ್ತು, ಆ ದಿನಗಳು ಕಳೆದವು’ ಎಂಬ ಅವರ ಮಾತಿಗೆ ಅನುಭವದ ಬಲವಿರುತ್ತದೆ. ಪ್ರಾಣಾಪಾಯದ ಸಂದರ್ಭಕ್ಕಿಂತ ಮುಂಚಿನ ಒಂಟಿತನ, ಹಿಂಜರಿಕೆ, ನಿದ್ರೆಗೇಡಿನ ದಿನಗಳಲ್ಲಿ ಇಂತಹ ಮಾತು ಹೆಚ್ಚು ಉಪಯುಕ್ತ.

ಸಮುದಾಯದೊಳಗೇ ಆರೈಕೆ ಎಂಬ ವಿಚಾರ ನಮಗೆ ಹೊಸದಲ್ಲ. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ನಿಮ್ಹಾನ್ಸ್ ಸಮುದಾಯ ಆಧಾರಿತ ಕಾರ್ಯಕ್ರಮವನ್ನು ನಡೆಸಿದೆ.

4. ಕಾನೂನಿನ ಆಧಾರ

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣವು ಚಿಕಿತ್ಸೆಯ ಹಕ್ಕನ್ನೂ, 19ನೇ ಪ್ರಕರಣವು ಸಮುದಾಯದಲ್ಲಿ ಬಾಳುವ ಹಕ್ಕನ್ನೂ, 23ನೇ ಪ್ರಕರಣವು ಗೋಪ್ಯತೆಯ ಹಕ್ಕನ್ನೂ ನೀಡುತ್ತವೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ.

5. ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಅ) 14416 ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ಬರೆಸುವುದು.

ಆ) ಸ್ವಂತ ದೂರವಾಣಿ ಇಲ್ಲದವರಿಗೆ ಗ್ರಂಥಾಲಯದಲ್ಲಿ ಏಕಾಂತವಾಗಿ ಮಾತನಾಡುವ ಅವಕಾಶ ಕಲ್ಪಿಸುವುದು.

ಇ) ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ಆಶಾ ಕಾರ್ಯಕರ್ತೆಯರ ಮೂಲಕ, ಚೇತರಿಸಿಕೊಂಡವರಲ್ಲಿ ಇಚ್ಛೆಯುಳ್ಳವರನ್ನು ಗುರುತಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಿಂದ ತರಬೇತಿ ಕೋರುವುದು. ತರಬೇತಿಯ ನಂತರವೇ, ನಿಗದಿತ ಸಮಯದಲ್ಲಿ ಮಾತ್ರ, ಅವರು ಕರೆ ಸ್ವೀಕರಿಸತಕ್ಕದ್ದು.

ಈ) ಅರ್ಹರು ಯುಡಿಐಡಿ ಕಾರ್ಡ್ ಹಾಗೂ ಮಾಸಾಶನಕ್ಕೆ ಅರ್ಜಿ ಸಲ್ಲಿಸಲು ನೆರವಾಗುವುದು.

6. ಎಚ್ಚರಿಕೆ

ಹೆಸರುಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬಾರದು; ವಾಟ್ಸಾಪ್ ಗುಂಪಿನಲ್ಲಿ ಹಂಚಬಾರದು. ಒಮ್ಮೆ ಗುಟ್ಟು ಹೊರಬಿದ್ದರೆ ಮತ್ತೆ ಯಾರೂ ಕರೆ ಮಾಡರು. ಆತ್ಮಹತ್ಯೆಯ ಮಾತು ಕೇಳಿಬಂದಲ್ಲಿ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇರಿಸಿ, ಕೂಡಲೇ 14416, 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು.

ಚರ್ಚೆಗೆ

1. ನಮ್ಮ ವಾರ್ಡಿನಲ್ಲಿ ಚಿಕಿತ್ಸೆ ಪಡೆದು ಮರಳಿದವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೇವೆ?

2. ಅವರನ್ನು ಕೆಲಸಕ್ಕೆ, ಹಬ್ಬಕ್ಕೆ, ಸಭೆಗೆ ಕರೆದದ್ದು ಯಾವಾಗ?

ಮುಂದಿನ ಸಾಮಾನ್ಯ ಸಭೆಗೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ಬರಬೇಕೆಂದು ಮಾನ್ಯ ಸದಸ್ಯರಲ್ಲಿ ವಿನಂತಿ.